ಕಣ್ಣಿಲ್ಲದ್ದಕ್ಕೆ ಎಂಟೇ ಸಾಲು

ಮೂಡಿಗೆರೆಯ ಹುಡುಗನಿಗೆ,

ಅಳಿವಿನಂಚಿನ ಎರಡು ಜೀವಿಗಳನ್ನು ಹೋಲಿಸಿ ಬರೆದ ನಿನ್ನ ಲೇಖನ ಎರಡು ಸಲ ಓದಿದೆ. ಕಾಗುಣಿತ, ಪ್ಯಾರಾ ಒಡೆಯುವುದು ಎಲ್ಲ ಆಮೇಲೆ ಆಯಿತು, ಬಿಡು. ಕೊನೆಗೆ "ನನ್ನ ಕೈಲಿ ಆಗಲ್ಲ, ಬರೆಯೋದೇ ಬಿಡ್ತೀನಿ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಹತ್ತಲಿಲ್ಲ. ಬಿಡಬೇಡ ಮಾರಾಯ.

ಆದರೆ ಸಿಟ್ಟೂ ಬಂತು. ಆಸ್ಟ್ರೇಲಿಯಾದ ಲೆಡ್‌ಬೀಟರ್ಸ್ ಪಾಸಮ್‌ಗೆ ನಾಲ್ಕು ಪುಟ, ಮರಕ್ಕೆ ಅಂಟಿ ಬೆಳೆಯುವ ಕೆನಡಾದ ಬೋರಿಯಲ್ ಫೆಲ್ಟ್ ಲೈಕನ್‌ಗೆ ಎಂಟು ಸಾಲು. ಇದಕ್ಕೆ ಹೋಲಿಕೆ ಅನ್ನುತ್ತಾರಾ? ಪಾಸಮ್ ಭಾಗ ಚೆನ್ನಾಗಿದೆ. ಅಳಿದೇ ಹೋಯಿತು ಅಂದುಕೊಂಡಿದ್ದ ಆ ಪುಟ್ಟ ಹೊಟ್ಟೆಚೀಲದ ಪ್ರಾಣಿ 1961ರಲ್ಲಿ ಮೇರಿಸ್‌ವಿಲ್ ಹತ್ತಿರ ಮತ್ತೆ ಕಂಡಿದ್ದು, 2009ರ ಕಾಡ್ಗಿಚ್ಚಿನಲ್ಲಿ ಅದರ ಕಾಡಿನ ದೊಡ್ಡ ಪಾಲು ಸುಟ್ಟಿದ್ದು, ಓದುತ್ತಾ ಹೊಟ್ಟೆ ಉರಿಯಿತು. ಲೈಕನ್‌ಗೆ ಬಂದ ಕೂಡಲೇ "ಪ್ರಕೃತಿಯ ವಿಸ್ಮಯ" ಅಂತ ಬರೆದು ಓಡಿಬಿಟ್ಟಿದ್ದೀಯ. ಅದಕ್ಕೆ ಕಣ್ಣಿಲ್ಲ, ಅದಕ್ಕೇ ಅಲ್ವಾ?

ನಿಮ್ಮಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟ ಅದು. ಶಿಲೀಂಧ್ರ ಮನೆ ಕಟ್ಟುತ್ತದೆ, ಒಳಗೆ ಸೇರಿಕೊಂಡ ನೀಲಿಹಸಿರು ಬ್ಯಾಕ್ಟೀರಿಯಾ ಬೆಳಕು ಹಿಡಿದು ಅಡುಗೆ ಮಾಡುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ತೇವದ ಕಾಡಿನಲ್ಲಿ ಬಾಲ್ಸಮ್ ಫರ್ ಮರಕ್ಕೆ ಅಂಟಿಕೊಂಡು ಬದುಕುತ್ತದೆ, ಆಮ್ಲಮಳೆ ಬಿದ್ದರೆ ಅಲ್ಲೇ ಸಾಯುತ್ತದೆ. ಪಾಸಮ್‌ಗೂ ಇದಕ್ಕೂ ಬೇಕಾದದ್ದು ಹಳೇ ಕಾಡು. ಪಾಸಮ್ ಮಲಗುವಂಥ ಪೊಟರೆ ಆಗಲು ಮರಕ್ಕೆ ನೂರಕ್ಕಿಂತ ಜಾಸ್ತಿ ವರ್ಷ ಆಗಿರಬೇಕು, ಕಡಿದ ಜಾಗದಲ್ಲಿ ಸಸಿ ನೆಟ್ಟುಬಿಟ್ಟರೆ ಇಬ್ಬರಿಗೂ ಮನೆ ಸಿಗುವುದಿಲ್ಲ. ನಿನ್ನ ಲೇಖನ ಇರುವುದು ಇಲ್ಲಿ, ನೀನು ನೋಡದೆ ದಾಟಿದ್ದೀಯ.

ನಾನೂ ಹೀಗೇ ಮಾಡಿದವನು. ಆನೆ ಬಗ್ಗೆ ಬರೆದೆ, ಜನ ಮೆಚ್ಚಿದರು, ಮತ್ತೆ ಮತ್ತೆ ಆನೆಯನ್ನೇ ಬರೆದೆ. ಪಾಚಿಯ ಬಗ್ಗೆ ಇದ್ದ ಎರಡು ಪ್ಯಾರಾಗಳನ್ನು ಒಬ್ಬ ಸಂಪಾದಕರು ಕಿತ್ತುಹಾಕಿದಾಗ ಸುಮ್ನೆ ಒಪ್ಪಿಕೊಂಡೆ, ಆ ಸಿಟ್ಟು ಇನ್ನೂ ಆರಿಲ್ಲ. ಸಕಲೇಶಪುರದ ನಮ್ಮ ತೋಟದಲ್ಲಿ ಒಂದು ಅತ್ತಿಮರ ಇತ್ತು, ಬೊಡ್ಡೆ ತುಂಬ ಬೂದು ಬಣ್ಣದ ಕಲ್ಲುಹೂವು. ಅದನ್ನು ಕಡಿಸಿ ಸಿಲ್ವರ್ ಓಕ್ ಹಾಕಿಸಿದೆವು. ಅಷ್ಟು ವರ್ಷ ಆ ಮರದ ನೆರಳಲ್ಲೇ ಕೂತು ಬರೆದವನು ನಾನು, ಒಂದು ದಿನವೂ ಬಗ್ಗಿ ನೋಡಲಿಲ್ಲ. ಅದು ಯಾವ ಜಾತಿ ಅಂತ ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಆ ಎಂಟು ಸಾಲು ಹರಿದುಹಾಕು. ಮಳೆ ಬಿದ್ದ ಮಾರನೇ ಬೆಳಿಗ್ಗೆ ನಿಮ್ಮ ತೋಟದ ಯಾವುದಾದರೂ ಹಳೇ ಮರದ ಮುಂದೆ ಒಂದು ಗಂಟೆ ಕೂತು, ಒಣಗಿದ್ದ ಬೂದು ಹೇಗೆ ಹಸಿರಿಗೆ ತಿರುಗಿದೆ ನೋಡು. ಕಂಡಷ್ಟೇ ಬರಿ. ಬರೆದದ್ದನ್ನು ಕಳಿಸು, ಕಾಯುತ್ತಿರುತ್ತೇನೆ.