ಆಟ ಬಿಟ್ಟು ಏಳೋಕೆ ಮಗುಗೂ ಸ್ವಲ್ಪ ಟೈಮ್ ಕೊಡಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪತ್ರಿಕೇಲಿ ಓದುಗರೊಬ್ರು ಬರೆದಿದ್ರು, ಈಗಿನ ಮಕ್ಳು ಏಳೋಕೂ ಅಳ್ತವೆ, ಸ್ನಾನಕ್ಕೂ ಅಳ್ತವೆ, ಹೊರಡೋಕೂ ಅಳ್ತವೆ, ಮುದ್ದು ಜಾಸ್ತಿ ಆಗಿದೆ, ಎರಡೇಟು ಬಿಟ್ರೆ ಎಲ್ಲಾ ಸರಿಹೋಗುತ್ತೆ ಅಂತ. ಓದಿ ಸುಮ್ನಿರೋಕೆ ಆಗ್ಲಿಲ್ಲ. ನಾನು ನರ್ಸರಿ ಟೀಚರ್, ಮೂರು ನಾಲ್ಕು ವರ್ಷದ ಮಕ್ಕಳ ಜೊತೆನೇ ನನ್ನ ದಿನ ಕಳೆಯೋದು, ಹಾಗಾಗಿ ಇದಕ್ಕೆ ಉತ್ತರ ಬರೀಲೇಬೇಕು ಅನ್ನಿಸ್ತು.

ಮಗು ಯಾವಾಗ ಅಳುತ್ತೆ ಅಂತ ಸ್ವಲ್ಪ ಗಮನಿಸಿ ನೋಡಿ. ಸ್ನಾನಕ್ಕೆ ಬಾ ಅಂದಾಗ ಕೂಗಾಡೋ ಮಗು ನೀರಿಗಿಳಿದ ಮೇಲೆ ಎದ್ದು ಬರಲ್ಲ ಅಂತ ಮತ್ತೆ ಕೂಗಾಡುತ್ತೆ. ಅಂದ್ರೆ ಅದಕ್ಕೆ ಸ್ನಾನ ಕಂಡ್ರೆ ಆಗಲ್ಲ ಅಂತಲ್ಲ, ಒಂದರಿಂದ ಇನ್ನೊಂದಕ್ಕೆ ಹೋಗೋ ಆ ನಡುವಿನ ಗಳಿಗೆ ಇದ್ಯಲ್ಲ ಅದೇ ಕಷ್ಟ. ಮಾಡ್ತಿರೋದನ್ನ ನಿಲ್ಸೋದು, ಮುಂದಿನದನ್ನ ನೆನಪಿಟ್ಕೊಳ್ಳೋದು, ಮನಸ್ಸನ್ನ ಅದರ ಕಡೆ ತಿರುಗಿಸೋದು, ಇವೆಲ್ಲಾ ಮೆದುಳಿನ ಮುಂಭಾಗದ ಕೆಲಸ, ಆ ಭಾಗ ಪೂರ್ತಿ ಬೆಳೆಯೋಕೆ ಹೆಚ್ಚುಕಮ್ಮಿ 25 ವರ್ಷ ಬೇಕು. ಮೂರು ವರ್ಷದ ಮಗು ಹತ್ರ ಅದನ್ನ ಈಗ್ಲೇ ಮಾಡು ಅಂದ್ರೆ ಎಲ್ಲಿಂದ ಬರುತ್ತೆ? ನೀವು ಪೇಪರ್ ಓದ್ತಾ ಇರೋವಾಗ ಯಾರೋ ಬಂದು ಒಂದು ಮಾತೂ ಹೇಳ್ದೆ ಕಿತ್ಕೊಂಡು, ಏಳಿ ಹೋಗೋಣ ಅಂದ್ರೆ ನಿಮಗೆ ಹೇಗಾಗುತ್ತೋ ಮಗುಗೆ ದಿನಕ್ಕೆ ಎಷ್ಟೋ ಸಲ ಹಾಗೆ ಆಗ್ತಿರುತ್ತೆ.

ಇನ್ನೈದು ನಿಮಿಷ ಅಷ್ಟೇ ಅಂತ ಎಲ್ರೂ ಹೇಳ್ತೀವಿ. ಗಡಿಯಾರ ಗೊತ್ತಿಲ್ದಿರೋ ಮಗುಗೆ ಐದು ನಿಮಿಷ ಅಂದ್ರೆ ಏನು? ಅದಕ್ಕೆ ಗೊತ್ತಾಗೋದು ಟೈಮ್ ಅಲ್ಲ, ಯಾವ್ದಾದ್ಮೇಲೆ ಯಾವ್ದು ಅನ್ನೋದು. ಆದ್ದರಿಂದ ಮೊದ್ಲು ಇದು, ಆಮೇಲೆ ಅದು ಅಂತ ಎರಡೇ ಎರಡು ವಿಷಯ ಹೇಳಿ, ಮೊದ್ಲು ಶೂ ಹಾಕೋಣ ಆಮೇಲೆ ಪಾರ್ಕು, ಅಷ್ಟು ಸಾಕು. ಇಷ್ಟವಾದ ಕೆಲಸನ ಇಷ್ಟವಿಲ್ಲದ್ದು ಮುಗಿದ ಮೇಲೆ ಇಟ್ರೆ ಇಷ್ಟವಿಲ್ಲದ್ದೂ ಸುಲಭ ಆಗುತ್ತೆ ಅನ್ನೋದನ್ನ ಡೇವಿಡ್ ಪ್ರೆಮ್ಯಾಕ್ ಅನ್ನೋ ಮನಶ್ಶಾಸ್ತ್ರಜ್ಞರು 1959ರಲ್ಲೇ ಬರೆದಿದ್ದಾರೆ, ಆದ್ರೆ ಇದನ್ನ ಲಂಚದ ಥರ ಮಾಡ್ಬೇಡಿ, ಅತ್ತ ಮೇಲೆ ಆಸೆ ತೋರ್ಸೋದು ಬೇರೆ, ಮೊದಲೇ ಕ್ರಮ ಹೇಳೋದು ಬೇರೆ.

ಇನ್ನೊಂದು, ಗೋಡೆ ಮೇಲೆ ಚಿತ್ರಗಳು. ಏಳೋದು, ಹಲ್ಲುಜ್ಜೋದು, ಸ್ನಾನ, ಬಟ್ಟೆ, ಹೊರಡೋದು, ಹೀಗೆ ಒಂದೊಂದಕ್ಕೆ ಒಂದೊಂದು ಚಿತ್ರ, ಆದ್ರೆ ಆ ಮಗುದೇ ಫೋಟೋ ಹಾಕಿ, ಅದು ನಿಂತಿರೋ ಎತ್ತರಕ್ಕೆ ಅಂಟ್ಸಿ, ಮುಗಿದಿದ್ದನ್ನ ಮಗುನೇ ತಿರುಗಿಸಿ ಇಡ್ಲಿ. ಈ ಚಿತ್ರದ ಪಟ್ಟಿನ ಆಟಿಸಂ ಇರೋ ಮಕ್ಕಳ ಜೊತೆ ಕೆಲಸ ಮಾಡೋರು ಬಹಳ ಕಾಲದಿಂದ ಬಳಸ್ತಿದ್ದಾರೆ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1970ರ ದಶಕದಲ್ಲಿ ಶುರುವಾದ ಟೀಚ್ ಅನ್ನೋ ಕಾರ್ಯಕ್ರಮದಲ್ಲಿ ಇದಕ್ಕೆ ದೊಡ್ಡ ಜಾಗ ಇದೆ, ಆದ್ರೆ ಅದು ಆ ಮಕ್ಕಳಿಗೆ ಮಾತ್ರ ಅಂತ ಏನಿಲ್ಲ. ನಮ್ಮ ಕ್ಲಾಸಲ್ಲಿ ನಾನು ಬಾಯ್ಬಿಟ್ಟು ಹೇಳೋ ಮುಂಚೆನೇ ಮಕ್ಳು ಪಟ್ಟಿ ನೋಡಿ ಮ್ಯಾಮ್ ಈಗ ಕಥೆ ಅಂತ ಬಂದು ಕೂತ್ಕೋತಾರೆ. ಟೀಚರ್ ಹೇಳಿದ್ದು ಅನ್ನೋದಕ್ಕಿಂತ ಪಟ್ಟಿ ಹೇಳಿದ್ದು ಅಂದ್ರೆ ಜಗಳಾನೇ ಇರಲ್ಲ.

ಕರೆಯೋ ರೀತಿ ಬಗ್ಗೆ ಹೇಳ್ಲೇಬೇಕು. ಒಳಗಿನ ರೂಮಿಂದ ಬಾರೋ ಬಾರೋ ಅಂತ ಕೂಗೋದು ಮಗು ಕಿವಿಗೆ ಬೀಳೋದೇ ಇಲ್ಲ, ಆಟದಲ್ಲಿ ಅಷ್ಟು ಮುಳುಗಿರುತ್ತೆ. ಹತ್ರ ಹೋಗಿ, ಪಕ್ಕದಲ್ಲಿ ಕೂತ್ಕೊಂಡು, ಏನ್ ಕಟ್ತಿದ್ದೀಯಾ ಅಂತ ಒಂದು ಗಳಿಗೆ ಆ ಆಟದೊಳಗೆ ಹೋಗಿ, ಆಮೇಲೆ ಆ ಆಟಕ್ಕೇ ಒಂದು ಕೊನೆ ಹುಡುಕಿ, ಈ ಕಾರು ಗ್ಯಾರೇಜ್ ಸೇರ್ಲಿ ಆಮೇಲೆ ಸ್ನಾನಕ್ಕೆ ಹೋಗೋಣ ಅಂತ. ಮತ್ತೆ ದಯವಿಟ್ಟು ಸ್ನಾನಕ್ಕೆ ಬರ್ತೀಯಾ ಅಂತ ಕೇಳ್ಬೇಡಿ, ಕೇಳಿದ್ರೆ ಬೇಡ ಅನ್ನೋ ಹಕ್ಕು ಅದಕ್ಕಿದೆ, ಬೇಡ ಅಂದಾಗ ನಾವೇ ಬೈತೀವಿ. ನಡ್ಕೊಂಡು ಬರ್ತೀಯೋ ಎತ್ಕೊಂಡು ಹೋಗ್ಲೋ ಅಂತ ಕೇಳಿ, ಎರಡೂ ಸ್ನಾನಕ್ಕೇ ಹೋಗುತ್ತೆ. ಇಷ್ಟೆಲ್ಲಾ ಮಾಡಿದ್ರೂ ಕೆಲವು ಸಲ ಅಳುತ್ತೆ, ಅಳ್ಲಿ. ಬಿಟ್ಟು ಬರೋಕೆ ಬೇಜಾರು ಅಲ್ವಾ ಅಂತ ಹೇಳಿ, ಎತ್ಕೊಂಡು ಹೋಗಿ ಸ್ನಾನ ಮಾಡ್ಸಿ. ಅತ್ತಿದ್ದಕ್ಕೆ ಸ್ನಾನ ಬಿಟ್ಬಿಡೋದೂ ಬೇಡ, ಅತ್ತಿದ್ದಕ್ಕೆ ಹೊಡೆಯೋದೂ ಬೇಡ.

ಮೊಬೈಲ್, ಟಿವಿ ವಿಷಯ ಸ್ವಲ್ಪ ಬೇರೆ. 2016ರಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯವ್ರು 1ರಿಂದ 5 ವರ್ಷದ ಮಕ್ಕಳಿರೋ ಮನೆಗಳಲ್ಲಿ ನೋಡಿದಾಗ, ಇನ್ನೆರಡು ನಿಮಿಷದಲ್ಲಿ ಆಫ್ ಮಾಡ್ತೀನಿ ಅಂತ ಮುಂಚೆ ಹೇಳಿದ್ರೆ ರಂಪ ಕಮ್ಮಿ ಆಗೋ ಬದ್ಲು ಜಾಸ್ತಿ ಆಗಿತ್ತು. ಅದೇ ಎಪಿಸೋಡ್ ತಾನಾಗೇ ಮುಗಿದಾಗ, ಅಥವಾ ಅದು ದಿನಾ ನಿಲ್ಲೋ ಹೊತ್ತೇ ಆಗಿದ್ದಾಗ ಮಕ್ಳು ಸುಲಭವಾಗಿ ಬಿಟ್ಟು ಎದ್ದಿದ್ರು. ಹಾಗಾಗಿ ಒಂದು ಮುಗಿದ ತಕ್ಷಣ ಇನ್ನೊಂದು ತಾನಾಗೇ ಶುರುವಾಗೋ ಆಟೋಪ್ಲೇನ ಮೊದ್ಲು ತೆಗೆದುಹಾಕಿ, ಅದು ಇದ್ರೆ ಕೊನೆ ಅನ್ನೋದೇ ಬರಲ್ಲ.

ಬೆಳಿಗ್ಗೆ ಶಾಲೆ ಬಾಗಿಲಲ್ಲಿ ನಡೆಯೋದು ದಿನಾ ಕಣ್ಣಾರೆ ನೋಡ್ತೀನಿ. ಮಗು ಆ ಕಡೆ ತಿರುಗಿದಾಗ ಕಣ್ತಪ್ಪಿಸಿ ಓಡಿಹೋಗೋ ಅಪ್ಪ ಅಮ್ಮಂದಿರಿಗೆ ನನ್ನ ಕೈಮುಗಿದ ವಿನಂತಿ, ಹಾಗೆ ಮಾಡ್ಬೇಡಿ. ತಿರುಗಿ ನೋಡಿದಾಗ ನೀವಿಲ್ಲ ಅಂದ್ರೆ ಇನ್ಮೇಲೆ ಕ್ಷಣ ಬಿಡದೆ ನಿಮ್ಮನ್ನ ಕಾಯ್ಬೇಕು ಅಂತ ಅದು ಕಲಿಯುತ್ತೆ, ಮಾರನೇ ದಿನ ಇನ್ನೂ ಗಟ್ಟಿಯಾಗಿ ತಬ್ಕೊಳುತ್ತೆ. ಹೇಳೇ ಹೋಗಿ, ದಿನಾ ಅದೇ ಮಾತು, ಒಂದು ಮುತ್ತು, ನೀನು ನಿದ್ದೆ ಮಾಡಿ ಎದ್ದ ಮೇಲೆ ಬರ್ತೀನಿ ಅಂತ ಹೇಳಿ ಹೊರಡಿ, ಮತ್ತೆ ಮತ್ತೆ ವಾಪಸ್ ಬಂದು ಇಣುಕ್ಬೇಡಿ. ನೀವು ಹೋದ ಸ್ವಲ್ಪ ಹೊತ್ತಿಗೆ ಹೆಚ್ಚಿನ ಮಕ್ಳು ಸಮಾಧಾನ ಆಗ್ತಾರೆ, ಇದು ನಿಮಗೆ ಕಾಣಲ್ಲ ನಮಗೆ ಕಾಣುತ್ತೆ. ಮತ್ತೆ ಹೇಳಿದ ಹೊತ್ತಿಗೆ ಬನ್ನಿ.

ಬೆಳಿಗ್ಗೆ ರಂಪದ ಬೇರು ಎಷ್ಟೋ ಸಲ ರಾತ್ರಿಲಿರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಪ್ರಕಾರ 3-4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲು ನಿದ್ದೆನೂ ಸೇರಿ. 2009ರಲ್ಲಿ 405 ತಾಯಂದಿರು ಭಾಗವಹಿಸಿದ ಒಂದು ಅಧ್ಯಯನ ಬಂದಿತ್ತು, ಅದರಲ್ಲಿ ಸ್ನಾನ, ಮೈ ನೀವೋದು, ಆಮೇಲೆ ಲಾಲಿಯಂಥ ಶಾಂತವಾದ ಏನಾದ್ರೂ, ಇಷ್ಟನ್ನ ದಿನಾ ರಾತ್ರಿ ಅದೇ ಕ್ರಮದಲ್ಲಿ ಮಾಡಿದ್ದಕ್ಕೆ ಮಕ್ಳು ಬೇಗ ನಿದ್ದೆ ಹೋದ್ರು, ನಡುವೆ ಏಳೋದೂ ಕಮ್ಮಿ ಆಯ್ತು.

ಪಕ್ಕದ ಮನೆ ಮಗು ನೋಡು ಹೇಗೆ ಥಟ್ಟನೆ ಎದ್ದು ಬರುತ್ತೆ ಅಂತ ಹೋಲಿಸ್ಬೇಡಿ. ಥಾಮಸ್ ಮತ್ತು ಚೆಸ್ ಅನ್ನೋ ವೈದ್ಯ ದಂಪತಿ 1956ರಿಂದ ನ್ಯೂಯಾರ್ಕಲ್ಲಿ ಮಕ್ಕಳನ್ನ ಹುಟ್ಟಿಂದ ಗಮನಿಸಿ ನೋಡಿದಾಗ ಸುಮಾರು 15% ಮಕ್ಳು ಯಾವ ಹೊಸದಕ್ಕೂ ನಿಧಾನವಾಗೇ ಹೊಂದ್ಕೊಳ್ಳೋರು ಅಂತ ಕಂಡಿತ್ತು. ಅದು ಅವರ ಸ್ವಭಾವ, ಯಾರೂ ಕೆಡಿಸಿದ್ದಲ್ಲ. ಆದ್ರೆ ಸಣ್ಣ ಬದಲಾವಣೆಗೂ ದಿನಾ ಬಹಳ ಹೊತ್ತು ತಡಕೊಳ್ಳೋಕಾಗ್ದೆ ಒದ್ದಾಡ್ತಿದ್ರೆ, ಜೊತೆಗೆ ಮಾತು ತಡ ಆಗಿದ್ರೆ ಅಥವಾ ಹತ್ರ ಹೋಗಿ ಕರೆದ್ರೂ ತಿರುಗದೇ ಇದ್ರೆ ಕಾಯ್ಬೇಡಿ, ಮಕ್ಕಳ ಡಾಕ್ಟರ್ ಹತ್ರ ಹೋಗಿ.

ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ ಇದಕ್ಕೆಲ್ಲಾ ಪುರುಸೊತ್ತೆಲ್ಲಿ ಅಂತ ನೀವು ಕೇಳ್ಬಹುದು, ನ್ಯಾಯವಾದ ಪ್ರಶ್ನೆನೇ. ಬಟ್ಟೆ, ಬ್ಯಾಗು, ಶೂ ಹಿಂದಿನ ರಾತ್ರಿನೇ ಮಗು ಕೈಲೇ ಜೋಡ್ಸಿಡಿ, ಬೆಳಿಗ್ಗೆ ನೀವು ಸ್ವಲ್ಪ ಮುಂಚೆ ಏಳಿ, ಅಮ್ಮ ಒಬ್ಬಳ ತಲೆ ಮೇಲೇ ಹಾಕದೆ ಅಪ್ಪ, ಅಜ್ಜಿ, ತಾತ ಎಲ್ರೂ ಅದೇ ಕ್ರಮ ಪಾಲಿಸಿ. ಹೊಡೆದು ಹೊರಡಿಸೋಕೂ ಟೈಮ್ ಹಿಡಿಯುತ್ತೆ, ಅತ್ತು ಅತ್ತು ಬಂದ ಮಗುನ ನಾವು ಕ್ಲಾಸಲ್ಲಿ ಸಮಾಧಾನ ಮಾಡೋಕೂ ಹಿಡಿಯುತ್ತೆ.

ಸಂಪಾದಕರೇ, ಹೊಡೆಯಿರಿ ಅನ್ನೋ ಪತ್ರಕ್ಕೆ ಜಾಗ ಕೊಟ್ಟಿದ್ದೀರಿ, ಇದಕ್ಕೂ ಕೊಡಿ. ಆಗೋದಾದ್ರೆ ಹೊಸ ಶಾಲಾ ವರ್ಷ ಶುರುವಾಗೋ ಮುಂಚೆ ಮಕ್ಕಳ ತಜ್ಞರೊಬ್ಬರಿಂದ ಈ ವಿಷಯದ ಮೇಲೆ ಒಂದು ಪೂರ್ತಿ ಪುಟ ಬರೆಸಿ, ಮೊದಲ ಸಲ ಮಗುನ ಕಳಿಸೋ ಮನೆಯವರಿಗೆ ಅದು ಆಗ್ಲೇ ಕೈಗೆ ಸಿಗ್ಬೇಕು.

ಇಂತಿ,
ಒಬ್ಬ ನರ್ಸರಿ ಟೀಚರ್