ಹಂಪ್ ಬೇಕೆಂದರೆ ಜೀಬ್ರಾ ಪಟ್ಟೆಯನ್ನೇ ಎತ್ತರಿಸಿ

ಮಾನ್ಯರೆ,

ಬಡಾವಣೆಯ ರಸ್ತೆಯಲ್ಲಿ ಅಪಘಾತವಾದರೆ ನಿವಾಸಿಗಳು ಮೊದಲು ಕೇಳುವುದು ಹಂಪ್. ಕೇಳುವುದು ತಪ್ಪಲ್ಲ. ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡ್ ತಡವಾದರೂ, ಗಂಟೆಗೆ 50 ಕಿ.ಮೀ. ವೇಗದ ಕಾರು ಅಷ್ಟರಲ್ಲಿ 14 ಮೀಟರ್ ಮುಂದೆ ಬಂದಿರುತ್ತದೆ. 30 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ಪೂರ್ತಿ ನಿಂತಿರುತ್ತದೆ.

ಆದರೆ ಹಾಕುವ ಹಂಪ್ ಎಂಥದ್ದು? ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಅದು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರ ಇರಬೇಕು, 25 ಕಿ.ಮೀ. ವೇಗದಲ್ಲಿ ಬಂದವರು ಎಗರದೆ ದಾಟುವ ಲೆಕ್ಕ ಅದು. ನಮ್ಮ ಬೀದಿಗಳಲ್ಲಿ ಕಾಣುವುದು ಅರ್ಧ ಮೀಟರ್ ಅಗಲದ ಡಾಂಬರು ಗುಡ್ಡೆ. ಬಣ್ಣವಿಲ್ಲ, ಫಲಕವಿಲ್ಲ. ರಾತ್ರಿ ಸ್ಕೂಟರಿನ ಹಿಂದೆ ಕೂತವರು ಬೀಳಲು ಇಷ್ಟು ಸಾಕು.

ಶಾಲೆ, ಬಸ್ ನಿಲ್ದಾಣ, ಮಾರುಕಟ್ಟೆಗಳ ಮುಂದೆ ಇದರ ಬದಲು ಜೀಬ್ರಾ ಪಟ್ಟೆಯನ್ನೇ ಪಾದಚಾರಿ ಮಾರ್ಗದ ಮಟ್ಟಕ್ಕೆ ಎತ್ತರಿಸುವುದು ಲೇಸು. ಆ ಮಾರ್ಗದ ಎತ್ತರ ಹೇಗೂ 15 ಸೆಂ.ಮೀ. ಮೀರಬಾರದು. ಚಪ್ಪಟೆ ಮೇಲ್ಭಾಗ ಕನಿಷ್ಠ 3 ಮೀಟರ್, ಎರಡೂ ಬದಿ ಒಂದೂವರೆ ಮೀಟರಿನ ಇಳಿಜಾರು. ಬಸ್ ಓಡುವ ಕಡೆ ಇಳಿಜಾರು ಇನ್ನೂ ಉದ್ದವಾಗಲಿ. ಗಾಡಿ ನಿಧಾನವಾಗುತ್ತದೆ, ಗಾಲಿಕುರ್ಚಿಯವರು ಇಳಿದು ಹತ್ತಬೇಕಿಲ್ಲ. ನಲವತ್ತು ಮೆಟ್ಟಿಲು ಹತ್ತಿಸುವ ಸ್ಕೈವಾಕ್‌ಗೆ ಸುರಿಯುವ ಹಣದಲ್ಲಿ ಇಂಥವನ್ನು ಎಷ್ಟೋ ಕಡೆ ಕಟ್ಟಬಹುದು.

ಎತ್ತರಿಸಿದ ಪಟ್ಟೆ ಕೆಡುವುದು ಅಂಚಿನಲ್ಲಿ. ಮಳೆನೀರಿಗೆಂದು ಎರಡೂ ಕಡೆ ಒಂದಡಿ ಸಂದು ಬಿಡುತ್ತಾರೆ. ಬೈಕುಗಳು ಅಲ್ಲೇ ನುಸುಳುತ್ತವೆ, ದಾಟುವವರ ಕಾಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಂದಿನ ಮೇಲೆ ಕಬ್ಬಿಣದ ಜಾಲರಿ ಕೂರಿಸಿ ನೀರನ್ನು ಕೆಳಗೆ ಹರಿಯಬಿಡಬೇಕು. ಇನ್ನೊಂದು, ಮರುಡಾಂಬರೀಕರಣ. ಹಳೆಯ ಪದರ ಕೆರೆಯದೆ ಪ್ರತಿ ಸಲ ನಾಲ್ಕೈದು ಸೆಂ.ಮೀ. ಹೊಸದು ಹಾಕಿದರೆ, ಮೂರನೆಯ ಸಲಕ್ಕೆ ರಸ್ತೆಯೂ ಪಟ್ಟೆಯೂ ಒಂದೇ ಮಟ್ಟ.

ವೇಗದಷ್ಟೇ ವಾಹನಗಳ ಸಂಖ್ಯೆಯೂ ಮುಖ್ಯ. ಅಮೆರಿಕದ ಬರ್ಕ್ಲಿಯ ಪ್ರಾಧ್ಯಾಪಕ ಡೊನಾಲ್ಡ್ ಆಪಲ್‌ಯಾರ್ಡ್ ಸ್ಯಾನ್ ಫ್ರಾನ್ಸಿಸ್ಕೊದ ಮೂರು ಬೀದಿಗಳನ್ನು ಹೋಲಿಸಿದ್ದರು. ದಿನಕ್ಕೆ 2,000 ವಾಹನಗಳ ಬೀದಿಯವರಿಗೆ ತಮ್ಮ ಬೀದಿಯಲ್ಲೇ ಇದ್ದ ಸ್ನೇಹಿತರು, 16,000 ವಾಹನಗಳ ಬೀದಿಯವರಿಗಿಂತ ಸುಮಾರು ಮೂರು ಪಟ್ಟು. ಆಪಲ್‌ಯಾರ್ಡ್ 1982ರಲ್ಲಿ ತೀರಿಕೊಂಡದ್ದು ಅಥೆನ್ಸ್‌ನಲ್ಲಿ, ವೇಗವಾಗಿ ಬಂದ ಕಾರು ಡಿಕ್ಕಿ ಹೊಡೆದು. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಜನ ನುಗ್ಗುವ ನಮ್ಮ ಅಡ್ಡರಸ್ತೆಗಳಲ್ಲಿ ಒಂದು ತುದಿಗೆ ಕಂಬ ನೆಟ್ಟು, ಸೈಕಲ್ಲಿಗೂ ನಡೆಯುವವರಿಗೂ ಮಾತ್ರ ದಾರಿ ಬಿಡಬಹುದು.

ಪಾಲಿಕೆಗೆ ಸದ್ಯಕ್ಕೆ ಒಂದೇ ಕೋರಿಕೆ: ಹಂಪಿನ ಸರಿಯಾದ ಆಕಾರಕ್ಕೆ ಕತ್ತರಿಸಿದ ಮರದ ಅಚ್ಚೊಂದನ್ನು ಪ್ರತಿ ವಾರ್ಡ್ ಎಂಜಿನಿಯರಿಗೆ ಕೊಡಿ. ಅಚ್ಚು ಕೂರದಿದ್ದರೆ ಗುತ್ತಿಗೆದಾರರ ಬಿಲ್ ಪಾಸ್ ಮಾಡಬೇಡಿ.

– ನಗರ ಸಾರಿಗೆ ಯೋಜನೆಯ ಅಧ್ಯಾಪಕರು, ಬೆಂಗಳೂರು