ತಟ್ಟೆಗಿಂತ ಮೊದಲು ಚರ್ಮ ನೋಡು

ಪ್ರೀತಿಯ ಮಗಳೇ,

ಪಾಪು ರಾತ್ರಿಯೆಲ್ಲ ಕೆರೆದುಕೊಂಡು ಅಳುತ್ತದೆ, ಕೆನ್ನೆ ಕೆಂಪಾಗಿ ನೀರಾಡುತ್ತಿದೆ ಅಂತ ಬರೆದಿದ್ದೀಯ. ಅದಕ್ಕಿಂತ ನನಗೆ ದಿಗಿಲಾಗಿದ್ದು ಕೊನೆಯ ಸಾಲು. ಹಾಲು, ಮೊಟ್ಟೆ, ಗೋಧಿ, ಶೇಂಗಾ ಎಲ್ಲ ನಿಲ್ಲಿಸಿದ್ದೀಯ. ಹಾಲುಣಿಸುತ್ತೇನೆ ಅಂತ ನೀನೂ ಬಿಟ್ಟಿದ್ದೀಯ!

ನಾನೂ ಇದನ್ನೇ ಮಾಡಿದವಳು. ನಿನ್ನ ಅಣ್ಣನಿಗೆ ಕೂಸಿದ್ದಾಗ ಇದೇ ಇಸುಬು, ಡಾಕ್ಟರು ಎಕ್ಸಿಮಾ ಅನ್ನುವುದು, ಬಂತು. ಒಂದೊಂದೇ ತಿನಿಸು ನಿಲ್ಲಿಸುತ್ತಾ ಹೋದೆ. ತೂಕ ಏರಲಿಲ್ಲ, ತುರಿಕೆ ಇಳಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಡಾಕ್ಟರು ಬರೆದುಕೊಟ್ಟ ಮುಲಾಮು ಮಾತ್ರ 'ಸ್ಟೀರಾಯ್ಡ್ ಅಂತೆ, ಬೇಡಪ್ಪ' ಅಂತ ಕಪಾಟಿನಲ್ಲೇ ಉಳಿಯಿತು.

ಎಕ್ಸಿಮಾ ಮೊದಲಿಗೆ ಚರ್ಮದ್ದೇ ತೊಂದರೆ. ಕೆಲವು ಮಕ್ಕಳಿಗೆ ಚರ್ಮದ ಹೊರಪದರವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಅನ್ನುವ ಪ್ರೋಟೀನ್ ಹುಟ್ಟಿನಿಂದಲೇ ಕಡಿಮೆ. ಗಾರೆ ಉದುರಿದ ಗೋಡೆ ಇದ್ದ ಹಾಗೆ. ಒಳಗಿನ ತೇವ ಆರಿಹೋಗುತ್ತದೆ, ಹೊರಗಿನದು ಒಳಗೆ ನುಸುಳುತ್ತದೆ. ಮನೆಯ ಧೂಳಿನಲ್ಲಿ ಬೆರೆತ ಮೊಟ್ಟೆ, ಶೇಂಗಾದ ಕಣ ಕೂಡ. ಬಾಯಿಯಿಂದ ಬಂದದ್ದನ್ನು ದೇಹ ನೆಂಟ ಅಂತ ಒಪ್ಪಿಕೊಳ್ಳುತ್ತದೆ. ಬಿರುಕಿನಿಂದ ನುಸುಳಿದ್ದನ್ನು ಕಳ್ಳ ಅಂತ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಎಷ್ಟೋ ಸಲ ಎಕ್ಸಿಮಾ ಮೊದಲು, ಅಲರ್ಜಿ ಆಮೇಲೆ. ನಾವು ತಿರುವುಮುರುವಾಗಿ ತಿಳಿದಿರುತ್ತೇವೆ, ಅಲ್ವಾ? 2015ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನದಲ್ಲಿ ಜೋರು ಎಕ್ಸಿಮಾ ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಶಿಶುಗಳಿದ್ದರು. ಶೇಂಗಾ ದೂರವಿಟ್ಟವರಿಗಿಂತ ತಿನ್ನುತ್ತಾ ಬೆಳೆದವರಲ್ಲೇ 5 ವರ್ಷಕ್ಕೆ ಶೇಂಗಾ ಅಲರ್ಜಿ ತೀರಾ ಕಡಿಮೆಯಿತ್ತು.

ಹಾಗಂತ ಆಹಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಜೋರು ಎಕ್ಸಿಮಾ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಆಹಾರದ ಅಲರ್ಜಿಯೂ ಇರುತ್ತದೆ. ತಿಂದ ಎರಡು ಗಂಟೆಯೊಳಗೆ ದದ್ದು ಎದ್ದರೆ, ತುಟಿ ಊದಿದರೆ, ವಾಂತಿಯಾದರೆ ಡಾಕ್ಟರಿಗೆ ಹೇಳು. ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡು. ಮುಲಾಮು ಸರಿಯಾಗಿ ಹಚ್ಚಿಯೂ ಚರ್ಮ ಮಣಿಯದಿದ್ದರೂ, ಮಲದಲ್ಲಿ ರಕ್ತ ಕಂಡರೂ ಆಹಾರದ ಕಡೆ ನೋಡಬೇಕು. ಆದರೆ ಬರೀ ರಕ್ತಪರೀಕ್ಷೆಯ ಪಟ್ಟಿ ಹಿಡಿದು ತಿನಿಸು ನಿಲ್ಲಿಸಬೇಡ. ಪರೀಕ್ಷೆಯಲ್ಲಿ 'ಪಾಸಿಟಿವ್' ಬಂದ ತಿನಿಸನ್ನು ಆರಾಮಾಗಿ ತಿನ್ನುವ ಮಕ್ಕಳು ಬೇಕಾದಷ್ಟಿದ್ದಾರೆ.

ಇನ್ನೊಂದು ಮಾತು, ಇದು ಮುಖ್ಯ. ನಿಲ್ಲಿಸಿದ್ದನ್ನೆಲ್ಲ ಪಾಪುವಿಗೆ ನಾಳೆಯೇ ಕೊಡಲು ಹೋಗಬೇಡ. ಎಕ್ಸಿಮಾ ಇರುವ ಮಗು ಒಂದು ತಿನಿಸನ್ನು ಬಹಳ ದಿನ ಬಿಟ್ಟರೆ, ಮೊದಲು ಒಗ್ಗಿದ್ದೇ ಆಮೇಲೆ ಜೋರಾಗಿ ತಿರುಗಿಬೀಳಬಹುದು. ಯಾವುದನ್ನು ಎಂದಿನಿಂದ ಬಿಟ್ಟಿದ್ದೀಯ ಅಂತ ಬರೆದುಕೊಂಡು ಡಾಕ್ಟರ ಹತ್ತಿರ ಹೋಗು. ಯಾವುದು ಮೊದಲು, ಎಷ್ಟು ಅಂತ ಅವರು ಹೇಳಲಿ.

ಅಲ್ಲಿಯತನಕ ಸ್ನಾನವಾದ ಕೂಡಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಧಾರಾಳವಾಗಿ ಹಚ್ಚು. ಕೆಂಪಾದ ಕಡೆ ಡಾಕ್ಟರು ಹೇಳಿದಷ್ಟು ದಿನ ಸ್ಟೀರಾಯ್ಡ್ ಮುಲಾಮು. ಹೆದರಿ ಚೂರುಪಾರು ಸವರಿದರೆ ಸುಮ್ನೆ ದಂಡ. ಉಗುರು ಕತ್ತರಿಸು.

ಮತ್ತೆ, ನೀನು ಇವತ್ತು ಏನು ತಿಂದೆ? ಬರೆ.

ನಿನ್ನ ದೊಡ್ಡಮ್ಮ